ಮೊದಲ ಹಲಗೆ

ಇಲ್ಲಿ ಒಂದೆರಡು ವಿವರ ಹೆಚ್ಚುಕಡಿಮೆ ಆಗಿರಬಹುದು. ಸ್ಕ್ಯಾನಿಂಗ್‌ಗೆ ಮುಂಚೆ ಅಪ್ಪನ ಕೊರಳಿನಿಂದ ಲಿಂಗದ ಕರಡಿಗೆಯನ್ನು ತೆಗೆದದ್ದು ನರ್ಸ್ ಎಂದು ನನ್ನ ನೆನಪು. "ನೀನೇ ಕಣಕ್ಕ ತೆಗೆದಿದ್ದು" ಅನ್ನುತ್ತಾನೆ ತಮ್ಮ. ದಿನಚರಿ ಬರೆಯುವ ಚಟವಿದ್ದರೂ ಆ ವಾರ ನಾನು ಏನೂ ಬರೆದಿಲ್ಲ. ಕರಡಿಗೆ ನನ್ನ ಕೈಚೀಲದ ಒಳಜೇಬಿನಲ್ಲಿ ಉಳಿದುಬಿಟ್ಟಿತು, ಮತ್ತು ಮನೆಯಲ್ಲಿ ಯಾರಿಗೂ ಅದು ನೆನಪಾಗಲಿಲ್ಲ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ಅಪ್ಪನಿಗೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಬೆಳಿಗ್ಗೆ ಎದ್ದು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಕೂತೇ ಇರುತ್ತಿದ್ದರು. ಕಾಫಿ ಕೊಟ್ಟರೆ ಲೋಟವನ್ನು ನೋಡುತ್ತಿದ್ದರು, ನನ್ನನ್ನೂ ಹಾಗೆಯೇ ನೋಡುತ್ತಿದ್ದರು. ಮಾತಿಲ್ಲ. ಎಲ್ಲ ಅಳಿಸಿಹೋಯಿತು ಎಂದುಕೊಂಡೆ.

ಅದೇ ದಿನಗಳಲ್ಲಿ ಮನೆಯ ಕಂಪ್ಯೂಟರೂ ಕೈಕೊಟ್ಟಿತು. ತಮ್ಮನಿಗೆ ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ, ರಜೆ ಬಂದರೆ ಮನೆಯ ಯಂತ್ರಗಳ ಮೇಲೆ ಪ್ರಯೋಗ. ಹಳೆಯ ಆಪರೇಟಿಂಗ್ ಸಿಸ್ಟಮ್ ಪಕ್ಕದಲ್ಲೇ ಹೊಸದೊಂದನ್ನು ಹಾಕಲು ಹೋಗಿ ಅವನು ಬೂಟ್ ಲೋಡರನ್ನು ಕೆಡಿಸಿದ್ದ. ಕಪ್ಪು ಪರದೆಯ ಮೇಲೆ, ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ ಎಂಬ ಒಂದೇ ಸಾಲು.

ಇದನ್ನೇ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು. ಬಟನ್ ಒತ್ತಿದಾಗ ಕಂಪ್ಯೂಟರಿಗೆ ತಾನು ಯಾರು ಎಂದೇ ತಿಳಿದಿರುವುದಿಲ್ಲ. ಒಂದು ಚಿಪ್‌ನಲ್ಲಿರುವ ಪುಟ್ಟ ಪ್ರೋಗ್ರಾಂ ಮೊದಲು ಎದ್ದು, ಕೈಕಾಲು ಸರಿಯಿವೆಯೇ ಎಂದು ನೋಡಿಕೊಂಡು, ಡಿಸ್ಕಿನಲ್ಲಿ ಬೂಟ್ ಲೋಡರನ್ನು ಹುಡುಕುತ್ತದೆ. ಈ ಬೂಟ್ ಲೋಡರ್ ಕೂಡ ದೊಡ್ಡ ಪಂಡಿತನೇನಲ್ಲ. ಆಪರೇಟಿಂಗ್ ಸಿಸ್ಟಮ್ ಎಲ್ಲಿ ಮಲಗಿದೆ ಎಂಬುದು ಅದಕ್ಕೆ ಗೊತ್ತು. ಎಬ್ಬಿಸಿ ಕರೆತಂದು, ಯಜಮಾನಿಕೆ ವಹಿಸಿಕೊಟ್ಟು, ತಾನು ಪಕ್ಕಕ್ಕೆ ಸರಿಯುತ್ತದೆ. ಅದು ಕೆಟ್ಟರೆ ಡಿಸ್ಕಿನಲ್ಲಿ ಎಲ್ಲ ಇದ್ದೂ ಇಲ್ಲದಂತೆ.

ಕ್ಲಾಸಿನಲ್ಲಿ ಮಕ್ಕಳಿಗೆ ಇದನ್ನು ಹೇಳುವಾಗ ಗುಬ್ಬಿಯಲ್ಲಿದ್ದ ನಮ್ಮ ಬಟ್ಟೆ ಅಂಗಡಿಯನ್ನು ಎಳೆದು ತರುತ್ತೇನೆ. ಅದಕ್ಕೆ ಶಟರ್ ಇರಲಿಲ್ಲ. ಸಾಲಾಗಿ ನಿಲ್ಲಿಸುವ ಹಲಗೆಗಳು. ಬೀಗ ತೆಗೆದು ತುದಿಯ ಕಿರಿದಾದ ಹಲಗೆಯನ್ನು ಮೊದಲು ಎತ್ತಬೇಕು, ಆಮೇಲೆ ಮಿಕ್ಕವು ಒಂದೊಂದಾಗಿ ಸರಿದು ಬರುತ್ತವೆ. ಎತ್ತಿದ ಆ ಹಲಗೆ ಮೂಲೆಗೆ ಒರಗಿದರೆ ಸಂಜೆಯವರೆಗೂ ಯಾರೂ ಅದರತ್ತ ನೋಡುವುದಿಲ್ಲ.

ಒಮ್ಮೆ ಕೋರ ಎಂಬ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು, "ಮಿಸ್, ಬೂಟ್ ಲೋಡರ್‌ನ ಎಬ್ಸೋದು ಚಿಪ್ಪು. ಚಿಪ್ಪನ್ನ ಎಬ್ಸೋದ್ಯಾರು?" ಎಂದಳು.

"ಕರೆಂಟು" ಎಂದೆ.

"ಅಂಗಾದ್ರೆ ಎಲ್ಲಾ ಲೈನ್‌ಮ್ಯಾನ್ ಕೈಲೈತೆ ಬುಡಿ ಮಿಸ್" ಎಂದಿತು ಹಿಂದಿನ ಬೆಂಚು. ನಗು ನಿಂತ ಮೇಲೂ ಅವಳ ಪ್ರಶ್ನೆ ಅಲ್ಲೇ ಇತ್ತು.

ಕುಣಿಗಲ್ಲಿನಿಂದ ಅಪ್ಪನ ತಂಗಿ, ನಮ್ಮ ಅತ್ತೆ, ನೋಡಲು ಬಂದರು. ಅಣ್ಣನ ಕೊರಳ ಹತ್ತಿರ ಶರ್ಟ್ ಸರಿಮಾಡಲು ಹೋದ ಅವರ ಕೈ ಅಲ್ಲೇ ನಿಂತಿತು.

"ಲಿಂಗ ಎಲ್ಲೇ?"

ನಾನು ಬಾಯಿ ತೆರೆಯುವ ಮೊದಲೇ ತಮ್ಮ, "ಅಕ್ಕನ ಬ್ಯಾಗಲ್ಲೈತೆ ಕಣತ್ತೆ, ಕಳ್ದೋಗಿಲ್ಲ" ಎಂದ.

"ಬ್ಯಾಗು ಪೂಜೆ ಮಾಡ್ತದೇನ್ಲಾ? ಇಷ್ಟು ದಿನ ಬರೀ ಕೊರಳಲ್ಲಿ ಮಲಗ್ಸಿದ್ದೀರಲ್ಲ. ಓದಿದೋರಂತೆ, ಓದಿದೋರು!"

ಕೈಚೀಲದಿಂದ ಕರಡಿಗೆಯನ್ನು ತೆಗೆದು ಅತ್ತೆಯ ಕೈಗೆ ಕೊಟ್ಟೆ. ಬದುಕಿರುವವರೆಗೆ ಮೈಯಿಂದ ಬೇರಾಗಬಾರದ ವಸ್ತು ಅದು ಎಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದವರೇ ನಾವು.

ಬಿಸಿನೀರು ಕಾಯಿತು. ಸ್ನಾನ ಮಾಡಿಸಿ, ಅತ್ತೆ ಅಣ್ಣನ ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯ ಮೇಲೆ ಲಿಂಗವನ್ನಿಟ್ಟರು. ಅಪ್ಪ ಕಾಫಿ ಲೋಟವನ್ನು ನೋಡುವಂತೆಯೇ ಅದನ್ನೂ ನೋಡಿದರು. ಆಮೇಲೆ ಆ ಅಂಗೈ ತಾನಾಗಿ ಕಣ್ಣಿನ ಮಟ್ಟಕ್ಕೆ ಏರಿತು. ಬಲಗೈ ಪತ್ರೆಗಾಗಿ ತಟ್ಟೆಯನ್ನು ತಡಕಿತು, ತುಟಿ ಅಲುಗಿತು. ಪೂಜೆ ಮುಗಿಸಿ, ತಾವೇ ಲೋಟ ಹಿಡಿದು ಕಾಫಿ ಕುಡಿದರು. ಕುಡಿದು, "ಬಾಗ್ಲು ತೆಗುದ್ಯಾ ಮಗಾ?" ಎಂದರು.

"ತೆಗ್ದೆ" ಎಂದೆ. "ತೆಗ್ದೆ ಕಣಣ್ಣಯ್ಯ" ಎಂದರು ಅತ್ತೆ, ಅದೇ ಕ್ಷಣದಲ್ಲಿ.

ಅಪ್ಪ ಕೇಳಿದ್ದು ಅಂಗಡಿಯ ಬಾಗಿಲು, ಆ ಅಂಗಡಿ ಮಾರಿ ವರ್ಷಗಳಾಗಿವೆ. ಮದುವೆಯಾಗಿ ಹೋಗುವ ತನಕ ಬೆಳಿಗ್ಗೆ ಆ ಮೊದಲ ಹಲಗೆ ಎತ್ತುತ್ತಿದ್ದವರು ಅತ್ತೆ. ಆಮೇಲೆ ಶಾಲೆಗೆ ಹೋಗುವ ಮುಂಚೆ ನಾನು. ಇಬ್ಬರನ್ನೂ ಅಪ್ಪ ಕರೆಯುತ್ತಿದ್ದದ್ದು ಮಗಾ ಎಂದೇ. ಕೇಳುವಾಗ ಅವರ ಕಣ್ಣು ನನ್ನ ಮೇಲಿತ್ತು ಎಂದು ನನಗೆ ನೆನಪು. ಆದರೆ ನನ್ನ ನೆನಪಿನ ಯೋಗ್ಯತೆಯನ್ನು ಮೊದಲೇ ಹೇಳಿದ್ದೇನೆ.

ಔಷಧಿ ಹಿಡಿಯಿತು ಎಂದರು ಡಾಕ್ಟರು. ಲಿಂಗ ಹಿಡಿಯಿತು ಎಂದರು ಅತ್ತೆ. ಇಬ್ಬರೊಡನೆಯೂ ವಾದಿಸುವ ಧೈರ್ಯ ನನಗಿಲ್ಲ.

ತಮ್ಮ ಪೆನ್ ಡ್ರೈವ್ ಹಾಕಿ ಬೂಟ್ ಲೋಡರನ್ನು ಸರಿಪಡಿಸಿದ. ಹಳೆಯ ಫೋಟೋಗಳೆಲ್ಲ ಇದ್ದಲ್ಲೇ ಇದ್ದವು. ಈಗ ಬಟನ್ ಒತ್ತಿದರೆ ಹಳೆಯದು, ಹೊಸದು, ಎರಡರ ಹೆಸರೂ ಮೂಡಿ, ಯಾವುದು ಬೇಕೆಂದು ಯಂತ್ರ ಸ್ವಲ್ಪ ಕಾಯುತ್ತದೆ. ನಾವು ಸುಮ್ಮನಿದ್ದರೆ ಮೇಲಿರುವುದನ್ನು ತಾನೇ ಎಬ್ಬಿಸುತ್ತದೆ. ಅಪ್ಪನೊಳಗೆ ಆ ಬೆಳಿಗ್ಗೆ ಎದ್ದದ್ದು ಯಾವುದು? ನಾನು ಇನ್ನೂ ಹುಟ್ಟಿರದ ಗುಬ್ಬಿಯೋ, ನಾನಿರುವ ಗುಬ್ಬಿಯೋ?

ಅತ್ತೆ ಊರಿಗೆ ಮರಳಿದ ಮೇಲೆ, ಒಂದು ಬೆಳಿಗ್ಗೆ ಪೂಜೆ ಮುಗಿಯುವುದನ್ನೇ ಕಾದು ಎದುರಿಗೆ ಕೂತೆ. ಅಪ್ಪ ಲಿಂಗವನ್ನು ಕರಡಿಗೆಯೊಳಗಿಟ್ಟು ಮುಚ್ಚಳವನ್ನು ನಿಧಾನವಾಗಿ ತಿರುಗಿಸುತ್ತಿದ್ದರು.

"ಅಪ್ಪ, ಅವತ್ತು ಬಾಗ್ಲು ತೆಗುದ್ಯಾ ಅಂತ ಕೇಳಿದ್ರಲ್ಲ," ಎಂದೆ, "ಕೇಳಿದ್ದು ಅತ್ತೆಯನ್ನೋ, ನನ್ನನ್ನೋ?"

ಅಪ್ಪ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು, "ಮೊದ್ಲ ಹಲಗೆ ಎತ್ತೋರ್ನ ಮಗಾ" ಎಂದರು.