ಬ್ಯಾಗ್ ಕಾಯುತ್ತಿದ್ದ ಗೈಡ್

ಸಾಬೆರಾ ಕಳೆದ ಬುಧವಾರ ರಾತ್ರಿ ಕ್ಯಾಲಿಫೋರ್ನಿಯಾದ ಪುಟ್ಟ ಊರು ಡೈಮಂಡ್ ಬಾರ್‌ನ ತನ್ನ ಮನೆಯಲ್ಲಿ ನಿದ್ರೆಯಲ್ಲೇ ತೀರಿಕೊಂಡಳು. ಹೃದಯಾಘಾತ ಎಂದರು ಡಾಕ್ಟರು. ಅವಳಿಗೆ ಐವತ್ನಾಲ್ಕು ವರ್ಷವಾಗಿತ್ತು.

ಪೊಮೊನಾದ ವಿದ್ಯಾರ್ಥಿ ಸಂಸ್ಕೃತಿ ಕೇಂದ್ರದ ಹುಡುಗರು ಬಾಗಿಲಿಗೆ ಅವಳ ಫೋಟೋ ಅಂಟಿಸಿ, ಕೆಳಗೆ ‘ನಮ್ಮ ಗೈಡ್’ ಎಂದು ಬರೆದಿದ್ದಾರೆ. ನೋಡಿದ್ದರೆ ಅವಳೇ ನಗುತ್ತಿದ್ದಳು. ೨೦೦೧ರಿಂದ ಈ ವರ್ಷದವರೆಗೆ ನಮ್ಮೂರ ಕಡೆಯಿಂದ ಬಂದ ಹೊಸ ವಿದ್ಯಾರ್ಥಿಗಳನ್ನು ಶನಿವಾರ ಶನಿವಾರ ವ್ಯಾನಿನಲ್ಲಿ ತುಂಬಿಕೊಂಡು ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಎಲ್ಲ ತೋರಿಸಿದ ಈ ಗೈಡ್, ಮೊನ್ನೆ ಮೊನ್ನೆಯವರೆಗೆ ಒಂದು ಮ್ಯೂಸಿಯಂ ಒಳಗೂ ಕಾಲಿಟ್ಟಿರಲಿಲ್ಲ.

ಅವಳು ಮೈಸೂರಿನ ಮಂಡಿ ಮೊಹಲ್ಲಾದವಳು. ಮೈಸೂರಿನಲ್ಲಿ ಮನೆ ಇದ್ದರೆ ವರ್ಷವಿಡೀ ನೆಂಟರು. ಅವರನ್ನು ಅರಮನೆಗೆ, ಝೂಗೆ ಕರೆದುಕೊಂಡು ಹೋಗುವುದು ಮನೆಯವರ ಕರ್ಮ. ಆದರೆ ಮನೆಯವರು ಒಳಗೆ ಹೋಗುವುದಿಲ್ಲ. ನೋಡಿದ್ದನ್ನೇ ಎಷ್ಟು ಸಲ ನೋಡುವುದು? ನೆಂಟರ ಚಪ್ಪಲಿ, ಚೀಲ, ಊಟದ ಡಬ್ಬಿ ಕಾಯುತ್ತ ನೆರಳಲ್ಲಿ ಕೂರುತ್ತಾರೆ. ಸಾಬೆರಾ ಅದೇ ಪದ್ಧತಿಯನ್ನು ಕ್ಯಾಲಿಫೋರ್ನಿಯಾಕ್ಕೂ ತಂದಳು. ಒಂದೇ ವ್ಯತ್ಯಾಸವೆಂದರೆ, ಇಲ್ಲಿಯದನ್ನು ಅವಳು ಒಂದು ಸಲವೂ ನೋಡಿರಲಿಲ್ಲ.

“ಒಳಗಿಂದು ನಿನ್ ಡ್ಯೂಟಿ ರೇಖಾ, ಹೊರಗಿಂದು ನಂದು,” ಎಂದು, ವ್ಯಾನಿನಲ್ಲಿ ಜೊತೆಗೆ ಹೋಗುತ್ತಿದ್ದ ಗೆಳತಿಯಾದ ನನ್ನನ್ನು ಹುಡುಗರ ಜೊತೆ ಅಟ್ಟಿ, ಬ್ಯಾಗುಗಳ ನಡುವೆ ಕಾಲು ಚಾಚಿಕೊಳ್ಳುತ್ತಿದ್ದಳು.

ಒಳಗೇನಿದೆ ಎಂದು ಹೊರಬಂದವರ ಬಾಯಲ್ಲಿ ಕೇಳಿ, ಮುಂದಿನ ವರ್ಷದವರಿಗೆ ಕಣ್ಣಾರೆ ಕಂಡವಳ ಹಾಗೆ ಕೈ ಅಗಲಿಸಿ ಹೇಳುತ್ತಿದ್ದಳು. ತೊಂದರೆ ಶುರುವಾದದ್ದು ಅಲ್ಲಿಂದ. ರಾಕೇಶ್ ಅಂತ ಒಬ್ಬ ತರಲೆ ಹುಡುಗನಿದ್ದ. ಸ್ಯಾನ್ ಡಿಯೇಗೋ ದಡದಲ್ಲಿ ಕಟ್ಟಿಹಾಕಿರುವ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಹಳೆಯ ಹಾಯಿಹಡಗನ್ನು ನೋಡಿ ಬಂದವನೇ, “ಆಂಟಿ, ಒಳಗೆ ಮೈಸೂರು ಮಹಾರಾಜರ ಮಂಚ ಇದೆ,” ಎಂದುಬಿಟ್ಟ. ತವರಿನ ಮಂಚ! ಸಾಬೆರಾ ಹಿಗ್ಗಿಹೋದಳು. ಮರುವರ್ಷ ಆ ಮಂಚಕ್ಕೆ ದಂತದ ಕಾಲುಗಳು ಬಂದವು. ಅದರ ಮುಂದಿನ ವರ್ಷ ರೇಷ್ಮೆಯ ಸೊಳ್ಳೆಪರದೆ.

“ಆಂಟಿ, ಮಂಚ ಕಾಣಿಸ್ಲೇ ಇಲ್ಲ,” ಎಂದು ಹುಡುಗರು ಬಂದು ಹೇಳಿದರೆ, “ರಿಪೇರಿಗೆ ಕಳಿಸಿರ್ತಾರೆ ಕಣಪ್ಪ. ಹಳೇ ಮರ ಅಲ್ವಾ,” ಎನ್ನುತ್ತಿದ್ದಳು.

ಈ ಸೆಪ್ಟೆಂಬರಿನಲ್ಲಿ ಕೇಂದ್ರಕ್ಕೆ ಹೊಸ ಮುಖ್ಯಸ್ಥೆ ಬಂದರು. ಗೈಡ್ ಆದವರು ಗುಂಪಿನ ಜೊತೆಯೇ ಒಳಗಿರಬೇಕು ಎಂದು ನಿಯಮ ಮಾಡಿದರು. ಸ್ಯಾನ್ ಡಿಯೇಗೋಗೆ ತಾವೂ ಬರುವುದಾಗಿ ಹೇಳಿದರು. ಆ ಸಂಜೆಯೇ ಸಾಬೆರಾ ನಮ್ಮ ಮನೆಗೆ ಬಂದಳು.

“ರೇಖಾ, ನಿಜ ಹೇಳು. ಆ ಮಂಚ ಇದೆಯಾ?”

“ಇಲ್ಲ.”

“ಒಂದ್ ವರ್ಷಾನೂ ಇರ್ಲಿಲ್ವಾ?”

“ಇರ್ಲಿಲ್ಲ.”

“ಮತ್ಯಾಕೆ ಬಾಯಿ ಮುಚ್ಕೊಂಡಿದ್ದೆ?”

“ನೀನು ತಮಾಷೆ ಮಾಡ್ತಿದೀಯ ಅಂದ್ಕೊಂಡಿದ್ದೆ. ಆಮೇಲೆ ಸೊಳ್ಳೆಪರದೆ ಬೇರೆ ಬಂತು. ಹೇಳೋಕೆ ಮನಸಾಗ್ಲಿಲ್ಲ.”

ಅವಳು ನಗಲಿಲ್ಲ. “ಮಕ್ಕಳ ಮುಂದೆ ಮಾನ ಹೋಗತ್ತೆ. ಆ ಹೊಸಬಳ ಮುಂದೆ ಕೆಲಸಾನೂ ಹೋಗತ್ತೆ. ಮಗ ಆಕಿಫ್ ದೂರ ಸ್ಯಾಂಟಾ ಕ್ಲಾರಿಟಾಲಿ ಮನೆ ಮಾಡ್ದ. ಇವರಿಗೆ ಅಂಗಡಿಯಾಯ್ತು, ಅಕೌಂಟ್ಸ್ ಆಯ್ತು. ನಂಗೆ ಅಂತ ಇರೋದು ಶನಿವಾರ ಒಂದೇ ಕಣೇ.”

“ಕಾಲು ನೋವು ಅಂದ್ಬಿಡು.”

“ಈ ಸಲ ಕಾಲು. ಮುಂದಿನ ಸಲ?”

ಶನಿವಾರ ಎಲ್ಲರ ಜೊತೆ ಹಡಗಿನೊಳಗೆ ಹೋದಳು. ಕೈಯಲ್ಲಿ ಬ್ಯಾಗುಗಳಿಲ್ಲದೆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ಹಡಗಿನ ಮೇಲೆ ಸಿಕ್ಕ ಸಿಕ್ಕ ಹಗ್ಗ ಹಿಡಿದುಕೊಂಡು ನಡೆದಳು. ಕೆಳಗಿನ ಕೋಣೆಗಳಲ್ಲೊಂದರಲ್ಲಿ ಹಲಗೆಯಷ್ಟೇ ಅಗಲದ ಒಂದು ಮಲಗುವ ಜಾಗವಿತ್ತು. ಸೀನಿಯರುಗಳಿಂದ ಎಲ್ಲ ಕೇಳಿಕೊಂಡು ಬಂದಿದ್ದ ಚೈತನ್ಯಾ ಎಂಬ ಹೊಸ ಹುಡುಗಿ, ಮುಖ್ಯಸ್ಥೆ ಪಕ್ಕದಲ್ಲಿರುವಾಗಲೇ, “ಆಂಟಿ, ಮಹಾರಾಜರ ಮಂಚ ಎಲ್ಲಿ?” ಎಂದಳು.

ಸಾಬೆರಾ ಆ ಹಲಗೆಯನ್ನೇ ನೋಡಿದಳು. “ಇದೇ ಕೊಟ್ಟಿದ್ರಂತಮ್ಮ. ಇಷ್ಟರಲ್ಲಿ ಮಗ್ಗುಲು ಬದಲಾಯ್ಸೋಕೂ ಆಗಲ್ಲ ಅಂತ ಮಹಾರಾಜರು ಹಡಗೇ ಹತ್ಲಿಲ್ಲ.”

ಹುಡುಗರು ಬಿದ್ದು ಬಿದ್ದು ನಕ್ಕರು. ಏನಂತೆ ಎಂದು ಕನ್ನಡ ಬಾರದ ಮುಖ್ಯಸ್ಥೆ ಕೇಳಿದರು. ಚೈತನ್ಯಾ ಇಂಗ್ಲಿಷಿನಲ್ಲಿ ಹೇಳಿದಳು. ನಗು ನಿಲ್ಲುವ ಮೊದಲೇ ಸಾಬೆರಾ, “ಅದೂ ಸುಳ್ಳು ಅಂತ ಹೇಳಮ್ಮ ಅವರಿಗೆ. ನಾನು ಒಳಗೆ ಬಂದಿದ್ದೇ ಇವತ್ತು. ಯಾವ ಜಾಗಾನೂ ನೋಡಿಲ್ಲ,” ಎಂದಳು. ಚೈತನ್ಯಾ ತಡವರಿಸಿ ಅದನ್ನೂ ಹೇಳಿದಳು.

ಮುಖ್ಯಸ್ಥೆ, ಮುಂದಿನ ಶನಿವಾರ ಎಲ್ಲಿಗೆ ಎಂದು ಕೇಳಿದರು. ಲಾಸ್ ಏಂಜಲೀಸಿನ ಟಾರ್ ಹೊಂಡಗಳಿಗೆ ಎಂದಳು ಸಾಬೆರಾ. ಹಾಗಾದರೆ ಅಷ್ಟರೊಳಗೆ ನೋಡಿಕೊಂಡು ಬನ್ನಿ, ಎಂದರು ಅವರು.

ಆ ಹೊಂಡಗಳ ಪಕ್ಕದ ಮ್ಯೂಸಿಯಂನಲ್ಲಿ, ಸಾವಿರಾರು ವರ್ಷಗಳ ಹಿಂದೆ ಟಾರಿನಲ್ಲಿ ಹೂತುಹೋಗಿದ್ದ ಪ್ರಾಣಿಗಳ ಮೂಳೆಗಳನ್ನು ಜೋಡಿಸಿ ನಿಲ್ಲಿಸಿದ್ದಾರೆ. ಸಾಬೆರಾಗೆ ಗೊತ್ತಿದ್ದದ್ದು ಹೊರಗಿನ ಬೆಂಚು ಮಾತ್ರ. ಮೈಸೂರಲ್ಲಿ ರಸ್ತೆಗೆ ಡಾಂಬರು ಹಾಕುವಾಗಿನ ವಾಸನೆ ಬರುತ್ತದೆಂದು ಆ ಬೆಂಚು ಅವಳಿಗೆ ಇಷ್ಟ. ಕಳೆದ ಬುಧವಾರ ಮಧ್ಯಾಹ್ನ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋಗಿ ಟಿಕೆಟ್ ತೆಗೆದುಕೊಂಡಳು. ಒಳಗಿನಿಂದ ನನ್ನ ಆಫೀಸಿಗೆ ಫೋನ್ ಮಾಡಿದಳು.

“ರೇಖಾ, ಆ ಕಾಲದ ಆನೆ ಇಷ್ಟು ಎತ್ತರ ಇದೆ ಅಂತ ಒಬ್ರೂ ಹೇಳ್ಲಿಲ್ವಲ್ಲೇ.”

“ನೀನೇ ಎಲ್ಲರಿಗೂ ಹೇಳ್ತಿದ್ಯಲ್ಲ, ಮೂರಾಳೆತ್ತರ ಅಂತ.”

“ಅದು ಸುಮ್ನೆ ಹೇಳ್ತಿದ್ದೆ. ಇದು ನಿಜವಾಗ್ಲೂ ಇದೆ.”

ಮೀಟಿಂಗ್ ಇದೆ, ಸಂಜೆ ಮಾತಾಡೋಣ ಎಂದೆ ನಾನು.

“ಆಯ್ತು ಹೋಗು. ನಾನು ಇನ್ನೊಂದ್ಸಲ ನೋಡ್ಕೊಂಡ್ ಬರ್ತೀನಿ,” ಎಂದು ಅವಳೇ ಮೊದಲು ಫೋನ್ ಇಟ್ಟಳು.