ಕೇಳದೆ ಮಾರಿದ ಅಡಿಕೆ

ತಂಗಿಯನ್ನು ನಾನು ಅಡಿಕೆ ಮಂಡಿಯಲ್ಲಿ ಕೂರಲು ಬಿಡಲಿಲ್ಲ. ಅವಳ ಬದಲು ಕೇಳಿಕೊಂಡು ಬರುತ್ತೇನೆಂದು ಹೋದವನು ಏನನ್ನೂ ಕೇಳಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಪಾಪ, ಅವನಿಗೇನು ತಿಳಿದೀತು ಎಂದು ಯಾರೂ ನನ್ನ ಪರ ವಹಿಸುವುದು ಬೇಡ. ಬಾಯಿ ಬಿಟ್ಟು ಕೇಳುವುದಕ್ಕೆ ಓದು ಬೇಕಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿಕಾರಿಪುರದಲ್ಲಿ ಕಂಪ್ಯೂಟರ್ ಕಲಿತ ತಂಗಿಗೆ ಸೊರಬದ ಅಡಿಕೆ ಮಂಡಿಯೊಂದು ಮೊದಲ ಕೆಲಸ ಕೊಟ್ಟಿತ್ತು. ರೈತರ ಮಾಲು ಬಂದದ್ದು, ಹೋದದ್ದು ತೋರಿಸುವ ಪ್ರೋಗ್ರಾಂ. ಸರಿಹೋದರೆ ಅಕ್ಕಪಕ್ಕದ ಮಂಡಿಗಳೂ ಕರೆಯುತ್ತಿದ್ದವು. ಕೆಟ್ಟರೆ, ಕಂಪ್ಯೂಟರ್ ಸಾಕು, ಗಂಡು ನೋಡೋಣ ಎನ್ನಲು ಮನೆಯವರು ಕಾದಿದ್ದರು.

"ಅಣ್ಣ, ಬರೆಯೋಕ್ ಮುಂಚೆ ಅವರ ಜೊತೆ ಕೂತು ಮಾತಾಡ್ಬೇಕು. ಮೊದ್ಲು ಏನು ಬೇಕು ಅಂತ ಅವ್ರೇ ಹೇಳ್ಲಿ. ಅಷ್ಟು ಮಾಡಿ ತೋರಿಸ್ತೀನಿ. ಸರಿ ಅಂದ್ರೆ ಮುಂದಿಂದು."

"ಗಂಡಸರು ಎಲೆಅಡಿಕೆ ಉಗುಳ್ತಾ ಕೂರೋ ಜಾಗ ಅದು. ನೀನ್ ಬ್ಯಾಡ. ನಾನೇ ಕೇಳ್ಕೊಂಡ್ ಬರ್ತೀನಿ."

ಹೋಗಿ ಮಂಡಿಯ ಸಾಹುಕಾರರ ಜೊತೆ ಚಾ ಕುಡಿದು ಹರಟಿ ಬಂದೆ. ಅದೇ ಮಂಡಿಯಲ್ಲಿ ಲಾರಿಗೆ ಚೀಲ ತುಂಬಿದವನು ನಾನು; ನನಗೆ ಗೊತ್ತಿಲ್ಲದ್ದೇನಿದೆ? ಮಾಲು ಬರುತ್ತದೆ, ಖರೀದಿದಾರರು ದರ ಬರೆದು ಹಾಕುತ್ತಾರೆ, ಹೆಚ್ಚು ಬರೆದವನಿಗೆ ಹೋಗುತ್ತದೆ. ಹಾಗೇ ಹೇಳಿದೆ. ಅವಳು ನಂಬಿ ಬರೆದಳು.

ತೋರಿಸುವ ದಿನ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಒಯ್ದೆವು. ಅಂದು ಬಂದ ದರ ನೋಡಿ ಮೊದಲನೆಯ ರೈತನೇ ಅಡ್ಡಡ್ಡ ತಲೆಯಾಡಿಸಿದ. "ಈ ದರಕ್ಕೆ ಕೊಡಲ್ಲ. ಚೀಲ ಇಲ್ಲೇ ಇರ್ಲಿ, ಮುಂದಿನ್ ವಾರ ನೋಡನ." ಮಂಡಿಯಲ್ಲಿ ಇದು ದಿನಾ ಇರುವುದೇ. ಆದರೆ ಕೊಂಡವನ ಹೆಸರು ಹಾಕದೆ ಕಂಪ್ಯೂಟರ್ ಪರದೆ ಮುಂದಕ್ಕೆ ಹೋಗಲಿಲ್ಲ. ನಾನು ಲಾರಿಗೆ ಹೊತ್ತದ್ದೆಲ್ಲ ಮಾರಿಹೋದ ಚೀಲ; ಮಾರದೆ ಉಳಿದ ಚೀಲಕ್ಕೆ ಹೆಗಲು ಕೊಟ್ಟಿರಲೇ ಇಲ್ಲವಲ್ಲ.

"ನಿನ್ ಮಷೀನು ರೈತನ್ನ ಕೇಳ್ದೇನೇ ಮಾರ್ಬಿಡ್ತಲ್ಲಮ್ಮ!" ಎಂದು ಸಾಹುಕಾರರು ನಕ್ಕರು. ಗುಮಾಸ್ತರೊಬ್ಬರು ಸೇರಿಸಿದರು: "ಹೆಣ್ಮಕ್ಳಿಗೆ ಮಂಡಿ ವ್ಯವಹಾರ ತಲೆಗೆ ಹತ್ತಲ್ಲ ಬಿಡ್ರಿ."

ತಂಗಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಬಸ್ ಸ್ಟ್ಯಾಂಡಿನಲ್ಲಿ ಅವಳು ಕಂಬಳಿಯ ಗಂಟು ಬಿಗಿಮಾಡುತ್ತ, "ನಂಗೇ ಬರ್ಲಿಲ್ಲ ಅಂತ ಮನೇಲಿ ಹೇಳ್ತೀನಿ ಬಿಡಣ್ಣ" ಎಂದಳು. ಗಂಟನ್ನು ಹೆಗಲಿಗೇರಿಸಿ ವಾಪಸ್ ಮಂಡಿಗೆ ನಡೆದೆ. ಅವಳು ಹಿಂದೆಯೇ ಓಡಿ ಬಂದಳು.

"ಸಾಹುಕಾರ್ರೇ, ನಗೋದಾದ್ರೆ ನನ್ನ ನೋಡಿ ನಗ್ರಿ. ಇವಳು ಬಂದು ಕೇಳ್ತೀನಿ ಅಂದಿದ್ಲು, ಬ್ಯಾಡ ಅಂದೋನು ನಾನು. ಇವತ್ತು ಇಲ್ಲೇ ಕೂರ್ತಾಳೆ. ನೀವು ಹೇಳ್ರಿ, ಇವಳು ಕೇಳ್ಲಿ. ಅಲ್ಲೀತಂಕ ನಾನು ಈ ಬಾಗಿಲು ಬಿಡಲ್ಲ."

ಸಾಹುಕಾರರು ನನ್ನನ್ನೂ ಬಾಗಿಲನ್ನೂ ನೋಡಿ, ಗಾದಿಯ ಮೇಲೆ ತುಸು ಸರಿದು ಜಾಗ ಬಿಟ್ಟರು.

ತಂಗಿ ಕೂರಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದಳು. ಅಷ್ಟು ಜನರ ಎದುರೇ ಹೇಳಿದೆ:

"ತಪ್ಪಾಯ್ತು ಕಣೇ. ಕೇಳ್ಕೊಂಡ್ ಬರ್ತೀನಿ ಅಂದು ಚಾ ಕುಡ್ಕೊಂಡ್ ಬಂದೆ. ನಿನ್ ಜಾಗದಲ್ಲಿ ನಾನು ಕೂರ್ಬಾರ್ದಿತ್ತು."