ಗುಡ್ಡ ಹತ್ತಿದವನ ಬಟ್ಟಲು

ಕಳೆದ ತಪಸ್ಸು ಕಾಲದ ಉಪವಾಸದ ದಿನಗಳಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ, ನನ್ನ ಗಂಡ ವಿನ್ಸೆಂಟ್ ಬಚ್ಚಲಿನಲ್ಲಿ ಬಿದ್ದರು. ಸ್ಟ್ರೋಕ್. ದುಬೈಯ ದೇರಾದಲ್ಲಿ ನಾವು ನಾಲ್ಕಾರು ಜನ ಹಂಚಿಕೊಂಡಿರುವ ಫ್ಲಾಟಿನಿಂದ ಆಂಬುಲೆನ್ಸಿನಲ್ಲಿ ಹೋದವರು ಕಣ್ಣು ತೆರೆಯಲಿಲ್ಲ. "ಪ್ರಾರ್ಥನೆ ಮಾಡಿ" ಎಂದರು ಡಾಕ್ಟರ್. ಡಾಕ್ಟರರ ಬಾಯಲ್ಲಿ ಆ ಮಾತು ಬಂದರೆ ಅರ್ಥವೇನೆಂದು, ಪ್ರಿಯ ಸಹಭಕ್ತರೇ, ನಿಮಗೆ ಗೊತ್ತೇ ಇದೆ.

ನನ್ನ ಹತ್ತಿರ ರೋಮಿನ ಜಪಸರ ಇದೆ. ಊರಿನ ಗುರುಗಳೊಬ್ಬರು ಯಾತ್ರೆಗೆ ಹೋದಾಗ ತಂದುಕೊಟ್ಟದ್ದು. ಅದನ್ನು ಹಿಡಿದು ಹಗಲಿಡೀ ಐಸಿಯು ಹೊರಗೆ ಕೂತೆ. ಮಾತೆ ಮರಿಯಮ್ಮ ಕೇಳಿಸಿಕೊಂಡ ಲಕ್ಷಣವೇ ಇರಲಿಲ್ಲ. ಹೀಗೆ ಬರೆಯಲು ನನಗೆ ಅಂಜಿಕೆಯಿಲ್ಲ, ಅವಳಿಗೂ ಗೊತ್ತಿರುವ ವಿಷಯ.

ಪಕ್ಕದ ಕೋಣೆಯಲ್ಲಿ ಅಲ್ಮಾಜ್ ಇದ್ದಾಳೆ. ಇಥಿಯೋಪಿಯದವಳು, ನನ್ನ ಜೊತೆ ಇಲ್ಲೇ ನೈಫ್ ಬೀದಿಯ ಟೈಲರ್ ಅಂಗಡಿಯಲ್ಲಿ ಕೆಲಸ. ಅವರದ್ದು ಬೇರೆ ಕ್ರೈಸ್ತ ಸಭೆಯಾದರೂ ಮರಿಯಮ್ಮನೆಂದರೆ ಪ್ರಾಣ. ರಜೆಯ ದಿನ ಬೀಜ ಹುರಿದು, ಕುಟ್ಟಿ, ಮೂರು ಸುತ್ತು ಕಾಫಿ ಕೊಡುತ್ತಾಳೆ. ಮೂರನೆಯದು ಆಶೀರ್ವಾದದ ಸುತ್ತು, ಅದಾಗುವ ಮೊದಲು ಏಳಬಾರದು. ಆಗ ಒಂದು ಬಟ್ಟಲನ್ನು ಬಾಗಿಲ ಬಳಿಯೂ ಇಡುತ್ತಾಳೆ. ಯಾರಿಗೆಂದು ನಾನು ಕೇಳಿರಲಿಲ್ಲ.

ಆ ಭಾನುವಾರ ಅವಳೆದುರು ಕೂತು ಜಪಸರ ಚಾಚಿದೆ. "ನೀನೂ ಒಮ್ಮೆ ಹೇಳು ಮಾರಾಯ್ತಿ. ರೋಮಿನದ್ದು."

ಅವಳು ಕೈ ಹಿಂದಕ್ಕೆಳೆದುಕೊಂಡಳು. "ರೋಮಿನದ್ದಾ? ನಾನು ಮುಟ್ಟುವುದಿಲ್ಲ ಸಿಸ್ಟರ್."

ನನಗೆ ಮೈಯೆಲ್ಲ ಉರಿಯಿತು. "ಯಾಕೆ, ನಿಮ್ಮ ಮರಿಯಮ್ಮ ಬೇರೆಯಾ?"

"ಒಬ್ಬಳೇ. ಅದೇ ತೊಂದರೆ."

ಎರಡನೆಯ ಸುತ್ತು ಬಗ್ಗಿಸುತ್ತಾ ಹೇಳಿದಳು. ಇಟಲಿಯವರು ಅವಳ ದೇಶಕ್ಕೆ ನುಗ್ಗಿ ವಿಮಾನದಿಂದ ವಿಷ ಸುರಿದಾಗ, ಅವಳ ಅಜ್ಜ ಹಳೆಯ ಬಂದೂಕು ಹಿಡಿದು ಗುಡ್ಡ ಹತ್ತಿದ. ಹಾಗೆ ಹತ್ತಿದವರು ಸಾವಿರಾರು ಜನ. ಅಜ್ಜಿ ಬಸುರಿ, ಆದರೂ ಧಾನ್ಯದ ಬುಟ್ಟಿಯ ಅಡಿಯಲ್ಲಿ ಗುಂಡುಗಳನ್ನಿಟ್ಟು ಅವರಿಗೆ ಸಾಗಿಸುತ್ತಿದ್ದಳು. ಕಾಫಿ ಮಾಡಿದಾಗೆಲ್ಲ ಮೂರನೆಯ ಸುತ್ತಿನ ಒಂದು ಬಟ್ಟಲು ಗಂಡನಿಗೆಂದು ಬಾಗಿಲಲ್ಲಿ ಇಡುತ್ತಿದ್ದಳು. ಒಂದು ದಿನ ಇಟಲಿಯ ಸೈನಿಕರು ಬಂದರು. ಬಟ್ಟಲು ಯಾರದೆಂದು ಕೇಳಿದರು. "ಮರಿಯಮ್ಮನದು" ಎಂದಳು ಅಜ್ಜಿ. ಕೊರಳಲ್ಲಿ ಜಪಸರವಿದ್ದ ಸೈನಿಕನೊಬ್ಬ ಶಿಲುಬೆಯ ಗುರುತು ಹಾಕಿಕೊಂಡು, ಬಟ್ಟಲಿಗೆ ಕಾಲು ತಾಗದ ಹಾಗೆ ಬಳಸಿ ಹೋದ. ಆಮೇಲೆ ಮನೆಗೆ ಬೆಂಕಿಯಿಟ್ಟ.

"ಅಜ್ಜ?" ಎಂದೆ.

"ಐದು ವರ್ಷಕ್ಕೆ ಇಟಲಿಯವರು ಸೋತರು. ಗುಡ್ಡದವರು ಇಳಿದು ಬಂದರು. ಅಜ್ಜ ಬರಲಿಲ್ಲ."

ಆ ಸೈನಿಕನ ತಾಯಿಯೂ ಮಗನಿಗಾಗಿ ಜಪ ಮಾಡಿರಬೇಕು, ನಾನು ಹೇಳುವ ಅದೇ ಜಪ. ಅವನು ಸುಖವಾಗಿ ಮನೆ ಸೇರಿರಲೂಬಹುದು. ಯಾರದ್ದನ್ನು ಕೇಳುತ್ತೀ ತಾಯೇ, ಯಾರದ್ದನ್ನು ಬಿಡುತ್ತೀ? ಜಪಸರವನ್ನು ಚೀಲಕ್ಕೆ ತುರುಕಿ, ಮೂರನೆಯ ಸುತ್ತಿಗೂ ಕಾಯದೆ ಆಸ್ಪತ್ರೆಯ ಬಸ್ಸು ಹತ್ತಿದೆ. ಅಂದು ನಾನು ಪ್ರಾರ್ಥಿಸಲಿಲ್ಲ.

ಸಂಜೆ ಅಲ್ಮಾಜ್ ಫ್ಲಾಸ್ಕ್ ಹಿಡಿದು ಐಸಿಯು ಬಾಗಿಲಿಗೆ ಬಂದಳು. "ಮೂರನೆಯದನ್ನು ಬಿಟ್ಟು ಬಂದೆಯಲ್ಲ" ಎಂದು ಗದರಿ ನನಗೆ ಕುಡಿಸಿದಳು. ಮತ್ತೆ ಕೈ ಚಾಚಿದಳು. "ಕೊಡು ಅದನ್ನು."

"ಮುಟ್ಟುವುದಿಲ್ಲ ಅಂದೆಯಲ್ಲ?"

"ನಾನೇನೂ ಕ್ಷಮಿಸಿಲ್ಲ. ನನ್ನ ಅಜ್ಜಿ ಬೇಡಿದ್ದು ಇನ್ನೂ ಮರಿಯಮ್ಮನ ಹತ್ತಿರವೇ ಇದೆ. ಅದನ್ನು ನಿನ್ನ ಗಂಡನಿಗಾದರೂ ಕೊಡಲಿ."

ಗಾಜಿನ ಬಾಗಿಲಿಗೆ ಹಣೆಯೊತ್ತಿ ತನ್ನ ಭಾಷೆಯಲ್ಲಿ ಜಪಿಸಿದಳು. ಮುಗಿಸಿ ಜಪಸರ ಹಿಂದಿರುಗಿಸಿದಳು, ನಲ್ಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದಳು. ನನಗೆ ಸಿಟ್ಟು ಬರಲಿಲ್ಲ.

ಮರುದಿನ ಬೆಳಿಗ್ಗೆ ವಿನ್ಸೆಂಟ್ ಕಣ್ಣು ತೆರೆದರು. ಡಾಕ್ಟರ್ ಎರಡೆರಡು ಸಲ ಬಂದು ನೋಡಿದರು.

ಮಾತೆಗೆ ಕೋಟಿ ವಂದನೆ. ಆದರೆ ಅರ್ಧ ಮಾತ್ರ ಬರೆದರೆ ಸುಳ್ಳಾಗುತ್ತದೆ. ಅವರ ಬಲಗೈ ಏಳುವುದಿಲ್ಲ, ಮಾತು ತೊದಲು. ಕ್ರೇನ್ ನಡೆಸುವ ಕೆಲಸ ಖಲಾಸ್, ವೀಸಾ ಮುಗಿಯುವ ಮೊದಲು ಊರಿಗೆ ಹೊರಡಬೇಕು. ನಾನೀಗ ಮರಿಯಮ್ಮನನ್ನು ಮೊದಲಿಗಿಂತ ಹೆಚ್ಚು ನಂಬುತ್ತೇನೆ, ಮೊದಲಿಗಿಂತ ಹೆಚ್ಚು ಜಗಳವಾಡುತ್ತೇನೆ. ಆ ಅಜ್ಜಿಗೆ ಯಾಕೆ ಕೊಡಲಿಲ್ಲವೆಂದು ದಿನಾ ಕೇಳುತ್ತೇನೆ.

ಮೊನ್ನೆ ಅಲ್ಮಾಜ್ ಮೂರನೆಯ ಸುತ್ತು ಬಗ್ಗಿಸಿ ಬಾಗಿಲ ಬಳಿ ಬಟ್ಟಲಿಟ್ಟಳು. ಅಲ್ಲೇ ಕುರ್ಚಿಯಲ್ಲಿದ್ದ ವಿನ್ಸೆಂಟ್, ತಮಗೇ ಇಟ್ಟದ್ದೆಂದುಕೊಂಡು, ಬಗ್ಗಿ ಎಡಗೈಯಲ್ಲಿ ಎತ್ತಿಕೊಂಡರು. ನಾನು ತಡೆಯಲು ಎದ್ದೆ. ಅಲ್ಮಾಜ್ ನನ್ನ ಸೆರಗು ಹಿಡಿದು ಕೂರಿಸಿದಳು.

"ಕುಡಿಯಲಿ ಬಿಡು ಸಿಸ್ಟರ್. ಇಷ್ಟು ವರ್ಷ ಯಾರೂ ಬಂದು ಕುಡಿದಿರಲಿಲ್ಲ."